ಬಾಣ ನಿಂತಲ್ಲಿ

ಉಣ್ಣೆ ಸಂಘದಲ್ಲಿ ಮೂವತ್ತು ವರ್ಷ ಲೆಕ್ಕ ಬರೆದ ಕರಿಸಿದ್ದಪ್ಪನವರು
ರಸೀದಿ ಹಾಳೆಗಳ ಬೆನ್ನಿಗೆ ಗೀಚಿದ ಮಾತಿನ ಕಟ್ಟು ತಂದು
ಸೀದಾ ನನ್ನ ಕೀಬೋರ್ಡಿನ ಮೇಲೇ ಇಟ್ಟರು.
ಚಳ್ಳಕೆರೆ, ಎಣ್ಣೆ ಮಿಲ್ಲಿನ ಎದುರು,
ಹತ್ತಕ್ಕೆ ಹನ್ನೆರಡಡಿ ಡಿಟಿಪಿ ಅಂಗಡಿ.
ಶೇಂಗಾ ಹಿಂಡಿಯ ವಾಸನೆ ಇಲ್ಲಿ ಕಾಗದಕ್ಕೂ ಹತ್ತುತ್ತದೆ.

‘ಅರ್ಥ ಅಡಿಯಲ್ಲಿ ಹಾಕಬ್ಯಾಡ ಮಾಬೂಬಿ,
ಇಳಿದ ಕಣ್ಣು ಹತ್ತಿ ಬರೋದರೊಳಗೆ ಸಾಲು ಮರೆತಿರ್ತದೆ.
ಹಿಂದುಗಡೆ ಪಟ್ಟಿ ಕೊಟ್ಟರೆ ಯಾವನು ಹಿಂದಕ್ಕೆ ಹೋಗ್ತಾನೆ?
ಕೇಳಿದರೆ ಹೇಳಬೇಕು, ಕೇಳದಿದ್ದರೆ ಸುಮ್ಮನಿರಬೇಕು.
ನಮ್ಮವ್ವ ಹಂಗಿದ್ದಳು, ಮಗ್ಗದ ಮುಂದೆ.’

ನಾನು ಬಲ್ಲದ್ದು ಲಗ್ನಪತ್ರಿಕೆ, ಖಾತೆ ಬದಲಾವಣೆಯ ಅರ್ಜಿ,
ಹೆಸರು ತಿದ್ದುಪಡಿಯ ಅಫಿಡವಿಟ್ಟು.
ಎರಡು ರಾತ್ರಿ ತಡಕಾಡಿ ದಾರಿ ಹಿಡಿದೆ:
ಪದದ ಪಕ್ಕ ಬುಕ್‌ಮಾರ್ಕಿನ ಗೂಟ ನೆಟ್ಟು
ಅದೇ ಪದವನ್ನು ಅದೇ ಗೂಟಕ್ಕೆ ಲಿಂಕಿನಲ್ಲಿ ಬಿಗಿದು
(ಎಲ್ಲಿಗೂ ಹೋಗದ ಹಗ್ಗ, ಮೇಯಲು ಬಿಟ್ಟ ಹಾಗೆ)
ಸ್ಕ್ರೀನ್‌ಟಿಪ್ಪಿನ ಕಿಂಡಿಯಲ್ಲಿ ಅರ್ಥ ತುಂಬಿ
ಓಕೆ.
ನೀಲಿ ಬಣ್ಣ ತೊಳೆದು ಅಡಿಗೆರೆ ಒರೆಸಿದರೆ
ಏನೂ ಆಗಿಲ್ಲದ ಮುಖ ಮಾಡಿಕೊಂಡು ನಿಂತಿರುತ್ತದೆ ಪದ.

ಮೊದಲ ಸಲ ಬಾಣವನ್ನು ‘ರೊಪ್ಪ’ದ ಮೇಲೆ ನಿಲ್ಲಿಸಿದಾಗ
ಪೆಟ್ಟಿಗೆ ತೆರೆಯಿತು. ಒಳಗೆ
ಕೊಂಬು, ಟೋಪಿ ತೊಟ್ಟ ಇಂಗ್ಲಿಷ್ ಅಕ್ಷರಗಳ ದೊಂಬಿ!
ನನ್ನ ಹಳೇ ಫಾಂಟು ಹಾಳೆಯ ಮೇಲೆ ಕನ್ನಡ,
ಪೆಟ್ಟಿಗೆ ಹೊಕ್ಕರೆ ಮೈಮೇಲೆ ಬಂದವರ ಮಾತು.
ಎಲ್ಲವನ್ನೂ ಯೂನಿಕೋಡಿಗೆ ತಿರುಗಿಸಿ
ಕಳಚಿ ಬಿದ್ದ ಒತ್ತುಗಳನ್ನು ಒಂದೊಂದೇ ಎತ್ತಿಟ್ಟು
ಮತ್ತೆ ಮೊದಲಿಂದ.

ಆಮೇಲೆ ಬಾಯಿಬಿಟ್ಟವು.
ರೊಪ್ಪ: ರಾತ್ರಿ ಕುರಿ ಕೂಡುವ ಮುಳ್ಳುಬೇಲಿಯ ಜಾಗ.
ಕೊಪ್ಪೆ: ಕಂಬಳಿಯ ಮೂಲೆ ಮಡಿಸಿ ತಲೆಗೆ ಮಾಡಿಕೊಂಡ ಮನೆ.
ಸರಿ: ಹುಣಸೆಬೀಜದ ಗಂಜಿ, ಕಂಬಳಿಗೆ ಕುಡಿಸುವುದು.
ಇಷ್ಟು ದಿನ ಎಷ್ಟು ಜನಕ್ಕೆ ‘ಸರಿ’ ಅಂದಿದ್ದೇನೆ,
ಯಾರಿಗೂ ಏನನ್ನೂ ಕುಡಿಸಿರಲಿಲ್ಲ.

ಪೆಟ್ಟಿಗೆಯ ಹೊಟ್ಟೆ ಚಿಕ್ಕದು.
ಇನ್ನೂರೈವತ್ತು ಅಕ್ಷರಕ್ಕೆ ತೇಗುತ್ತದೆ,
ಕಾಗುಣಿತಕ್ಕೆ ಬೇರೆ ಲೆಕ್ಕ, ಒತ್ತಿಗೆ ಬೇರೆ.
‘ಲಾಳಿ’ಯ ಕತೆ ಅಷ್ಟರಲ್ಲಿ ಹಿಡಿಯಲಿಲ್ಲ.
ಅವರು ಮೂಗಿನ ಮೇಲಿನ ಕನ್ನಡಕ ತೆಗೆದು
‘ಕತ್ತರಿಸವ್ವ’ ಅಂದರು,
‘ಚರ್ಮಕ್ಕೆ ತಾಗದಂಗೆ. ಮತ್ತೆ ಬೆಳೀತದೆ.’

ನೂರಾ ಹನ್ನೊಂದು ಪದ ಮುಗಿದ ದಿನ
ಪ್ರಿಂಟ್ ಕೇಳಿದರು.
ನಾನು ಹೇಳಿರಲಿಲ್ಲ. ಹೇಳಬೇಕಿತ್ತು.
ಬೆಚ್ಚಗಿನ ಹಾಳೆ ಕೈಗೆ ಬಂದದ್ದೇ
‘ಕೊಪ್ಪೆ’ಯ ಮೇಲೆ ಬೆರಳಿಟ್ಟು ಕಾದರು.
ಬೆರಳು ಎತ್ತಿದರು. ಇನ್ನೊಮ್ಮೆ ಇಟ್ಟರು.
‘ಕಾಗದದಲ್ಲಿ ಬರಲ್ಲ ಸರ್.’

ಬಯ್ಯಲಿಲ್ಲ. ಬೆರಳು ಅಲ್ಲೇ ಇತ್ತು,
ಕಣ್ಣು ಮಾತ್ರ ನನ್ನ ಮುಖಕ್ಕೆ ಬಂತು.
‘ಕಂಬಳಿಯ ಮೂಲೆ ಮಡಿಸಿ...’ ಅಂತ ಬಾಯಿ ತಾನೇ ಶುರುಮಾಡಿತು.
ಬೆರಳು ಮುಂದಿನದಕ್ಕೆ ಸರಿಯಿತು, ಹೇಳಿದೆ.
ಅದರ ಮುಂದಿನದಕ್ಕೆ, ಹೇಳಿದೆ.
ಜೆರಾಕ್ಸಿಗೆ ಬಂದಿದ್ದ ಹುಡುಗ ಆಧಾರ್ ಕಾರ್ಡು ಹಿಡಿದು
ಬಾಗಿಲಲ್ಲೇ ನಿಂತುಬಿಟ್ಟ.
ಎರಡು ಪದಕ್ಕೆ ತಡವರಿಸಿದೆ, ಅವರು ಕಾದರು.

ಕೊನೆಯ ಹಾಳೆ, ಕೊನೆಯ ಸಾಲು:
ಅಕ್ಷರ ಜೋಡಣೆ, ಪಿಂಜಾರ ಮಾಬೂಬಿ.
ಬೆರಳು ಅಲ್ಲಿ ಬಂದು ನಿಂತಿತು.
ಅದಕ್ಕೆ ನಾನು ಪೆಟ್ಟಿಗೆ ಮಾಡಿರಲಿಲ್ಲ.

‘ನಮ್ಮಪ್ಪ’ ಅಂದೆ, ‘ಹತ್ತಿ ಹಿಂಜೋ ಬಿಲ್ಲು ಹೆಗಲಿಗೇರಿಸಿಕೊಂಡು
ಮನೆಮನೆ ಮುಂದೆ ತಂತಿ ಮಿಡಿದರೆ...’

ಇನ್ನೂರೈವತ್ತು ದಾಟಿತು.
ಅವರು ಸ್ಟೂಲು ಎಳೆದುಕೊಂಡು ಕೂತರು.